ಬಂಗಾಳಿ ಬೀಗರ ಮನೆಯ ಮದುವೆ: ಯಾವ ಶಾಸ್ತ್ರ, ಯಾವಾಗ, ಯಾರ ಮನೆಯಲ್ಲಿ

ನಮ್ಮ ಚಿಕ್ಕಮ್ಮನ ಮಗಳು ಕೋಲ್ಕತ್ತಾದ ಹುಡುಗನನ್ನು ಮದುವೆಯಾದಳು. ಮದುವೆ ಅಲ್ಲೇ, ಬಂಗಾಳಿ ಪದ್ಧತಿಯಲ್ಲೇ. ಸಂಜೆ ಗಂಡಿನ ದಿಬ್ಬಣ ಬಂತು. ಶಂಖ ಊದಿದರು. ಹೆಂಗಸರು ನಾಲಿಗೆ ಹೊರಳಿಸಿ ಉಲು ಉಲು ಎಂದು ಕೂಗಿದರು. ಎಲ್ಲರ ಮುಖದಲ್ಲೂ ನಗು. ಚಿಕ್ಕಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣಲ್ಲಿ ನೀರಿತ್ತು. "ಹುಡುಗನ ತಾಯಿ ಬಂದೇ ಇಲ್ವಲ್ಲೋ. ಅವರಿಗೆ ಈ ಸಂಬಂಧ ಇಷ್ಟ ಇಲ್ವೇನೋ?"

ಇಷ್ಟ ಇತ್ತು, ತುಂಬಾನೇ ಇತ್ತು. ಆದರೆ ಬಂಗಾಳಿ ಹಿಂದೂ ಮನೆಗಳಲ್ಲಿ ತಾಯಿ ಮಗನ ಮದುವೆ ನೋಡಬಾರದು ಎಂಬ ಹಳೆಯ ನಂಬಿಕೆ ಇದೆ. ಅವರು ಮನೆಯಲ್ಲೇ ಉಳಿದು ಸೊಸೆಯನ್ನು ಬರಮಾಡಿಕೊಳ್ಳಲು ಸಿದ್ಧತೆ ಮಾಡುತ್ತಿದ್ದರು. ಈ ಒಂದು ಮಾತನ್ನು ಯಾರಾದರೂ ಎರಡು ದಿನ ಮೊದಲು ಹೇಳಿದ್ದರೆ ಚಿಕ್ಕಮ್ಮ ಆ ಸಂಜೆ ಅಳುತ್ತಿರಲಿಲ್ಲ.

ಈ ಬರಹ ಅದಕ್ಕೇ. ನಿಮ್ಮ ಮನೆಯ ಮಗಳೋ ಮಗನೋ ಬಂಗಾಳಿ ಮನೆಗೆ ಸಂಬಂಧ ಬೆಳೆಸುತ್ತಿದ್ದರೆ, ಇಲ್ಲವೇ ಗೆಳೆಯರ ಮದುವೆಗೆ ಹೊರಟಿದ್ದರೆ, ಏನು ನಡೆಯುತ್ತದೆ, ನೀವು ಏನು ಮಾಡಬೇಕು ಎಂದು ಕ್ರಮವಾಗಿ ಹೇಳುತ್ತೇನೆ. ಮೊದಲು ಒಂದು ವಿಷಯ ನೆನಪಿಡಿ. ನಮ್ಮಲ್ಲಿ ಎರಡೂ ಮನೆಯವರು ಒಂದೇ ಛತ್ರದಲ್ಲಿ ಸೇರುತ್ತಾರೆ. ಬಂಗಾಳಿ ಮದುವೆ ಎರಡು ಮನೆಗಳ ನಡುವೆ ಮೂರು ದಿನ ಓಡಾಡುತ್ತದೆ. ಮೊದಲ ದಿನ ಹೆಣ್ಣಿನ ಮನೆ. ಎರಡನೆಯ ದಿನ ದಾರಿ. ಮೂರನೆಯ ದಿನ ಗಂಡಿನ ಮನೆ. ಇಷ್ಟು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ದಿನ ಗೊತ್ತು ಮಾಡುವ ಮುಂಚೆ

ಅವರ ತಿಂಗಳುಗಳು ಸೌರಮಾನದ ಲೆಕ್ಕ. ಹೆಸರುಗಳು ನಮ್ಮವೇ ಆದರೂ ನಮ್ಮ ಚಾಂದ್ರಮಾನದ ತಿಂಗಳ ಜೊತೆ ಸರಿಯಾಗಿ ಹೊಂದುವುದಿಲ್ಲ. ಭಾದ್ರ, ಆಶ್ವಿನ, ಕಾರ್ತಿಕ, ಪೌಷ, ಚೈತ್ರ, ಈ ಐದು ತಿಂಗಳು ಅವರಲ್ಲಿ ಮದುವೆ ಇಲ್ಲ. ಅಂದರೆ ಆಗಸ್ಟ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ, ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ, ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ. ಇವುಗಳಲ್ಲಿ ಪೌಷ ಎಂದರೆ ನಮ್ಮ ಧನುರ್ಮಾಸವೇ. ಹಾಗಾಗಿ ಅಲ್ಲಿ ಜಗಳವಿಲ್ಲ. ತೊಂದರೆ ಬರುವುದು ಆಷಾಢದಲ್ಲಿ. ನಮ್ಮವರು ಆಷಾಢ ಎಂದರೆ ಬೇಡವೇ ಬೇಡ ಎನ್ನುತ್ತಾರೆ. ಅವರಿಗೆ ಆಷಾಢ, ಶ್ರಾವಣ ಎರಡೂ ಒಳ್ಳೆಯ ತಿಂಗಳು. ಇತ್ತ ನಾವು ಕಾರ್ತಿಕದಲ್ಲಿ ತುಳಸಿ ಹಬ್ಬ ಮುಗಿಯುತ್ತಲೇ ಛತ್ರ ಹುಡುಕಿದರೆ, ಅವರು ಇನ್ನೂ ಕಾರ್ತಿಕದ ಮುಂದಿನ ತಿಂಗಳಾದ ಅಗ್ರಹಾಯಣ ಬರಲಿ ಎನ್ನುತ್ತಾರೆ. ಎರಡೂ ಕಡೆ ಒಪ್ಪುವ ದಿನ ಬೇಕಾದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರ, ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರ, ಮತ್ತೆ ಏಪ್ರಿಲ್ ಕೊನೆ ಮತ್ತು ಮೇ, ಇಲ್ಲಿ ಹುಡುಕಿ.

ಪಂಚಾಂಗಕ್ಕೆ ಅವರು ಪಂಜಿಕಾ ಎನ್ನುತ್ತಾರೆ. ಗುಪ್ತ ಪ್ರೆಸ್ ಪಂಜಿಕಾ 1869ರಿಂದ ಬರುತ್ತಿದೆ. 1890ರಿಂದ ಬಿಶುದ್ಧ ಸಿದ್ಧಾಂತ ಪಂಜಿಕಾ ಇದೆ. ಎರಡರ ಗಣಿತ ಬೇರೆ, ಹಾಗಾಗಿ ಮುಹೂರ್ತವೂ ಕೆಲವೊಮ್ಮೆ ಬೇರೆಯಾಗುತ್ತದೆ. ಬೀಗರ ಮನೆಯಲ್ಲಿ ಯಾವುದನ್ನು ನೋಡುತ್ತಾರೆ ಎಂದು ಮೊದಲೇ ಕೇಳಿ.

ಇನ್ನೊಂದು ದೊಡ್ಡ ವ್ಯತ್ಯಾಸ ಹೊತ್ತಿನದು. ಲಗ್ನ ಸಂಜೆ ಗೋಧೂಳಿಯಲ್ಲಿ ಇರಬಹುದು, ರಾತ್ರಿ ಹನ್ನೊಂದಕ್ಕೂ ಇರಬಹುದು. ಬೆಳಿಗ್ಗೆ ಮುಹೂರ್ತ ಮುಗಿಸಿ ಮಧ್ಯಾಹ್ನ ಊಟ ಮಾಡಿ ರಾತ್ರಿ ರೈಲು ಹಿಡಿಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಾಪಸ್ ಟಿಕೆಟನ್ನು ಮರುದಿನ ಮಧ್ಯಾಹ್ನದ ಮೇಲೇ ಮಾಡಿ. ವಯಸ್ಸಾದವರಿಗೆ ಮದುವೆ ಮನೆಯ ಹತ್ತಿರವೇ ಒಂದು ಕೋಣೆ ಹಿಡಿದಿಡಿ. ಬಾಡಿಗೆಗೆ ಸಿಗುವ ಮದುವೆ ಮನೆಯನ್ನು ಅಲ್ಲಿ ಬಿಯೆಬಾಡಿ ಎನ್ನುತ್ತಾರೆ. ಬಿಯೆ ಎಂದರೆ ಮದುವೆ, ಬಾಡಿ ಎಂದರೆ ಮನೆ.

ಜೊತೆಗೆ ಬೀಗರನ್ನು ಇದೊಂದು ಕೇಳಿಟ್ಟುಕೊಳ್ಳಿ: ನೀವು ಘಟಿಗಳೋ ಬಾಂಗಾಲರೋ? ಮೊದಲಿನಿಂದ ಪಶ್ಚಿಮ ಬಂಗಾಳದವರು ಘಟಿ. ಈಗಿನ ಬಾಂಗ್ಲಾದೇಶದ ಕಡೆಯಿಂದ ಬಂದ ಮನೆತನದವರು ಬಾಂಗಾಲ್. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನಮ್ಮಲ್ಲಿ ಪದ್ಧತಿ ಬೇರೆ ಇರುವಂತೆ ಇವರಿಗೂ ಇದೆ. ಮುಂದೆ ನಾನು ಹೇಳುವ ಕೆಲವು ಶಾಸ್ತ್ರಗಳು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು, ಹಿಂದೆ ಮುಂದೆಯೂ ಆಗಬಹುದು. ಮನೆಯ ಹಿರಿಯರು ಹೇಳಿದ್ದೇ ಕೊನೆಯ ಮಾತು.

ಮದುವೆಗೆ ಮುಂಚಿನ ದಿನಗಳು

ಮಾತುಕತೆ ಗಟ್ಟಿಯಾದ ಮೇಲೆ ಆಶೀರ್ಬಾದ್ ಇರುತ್ತದೆ. ಗಂಡಿನ ಕಡೆಯ ಹಿರಿಯರು ಹೆಣ್ಣನ್ನು, ಹೆಣ್ಣಿನ ಕಡೆಯವರು ಗಂಡನ್ನು ಹರಸುವ ಶಾಸ್ತ್ರ. ತಲೆಯ ಮೇಲೆ ಭತ್ತದ ಕಾಳು ಮತ್ತು ಗರಿಕೆ ಇಟ್ಟು ಹರಸುತ್ತಾರೆ. ಸಾಮಾನ್ಯವಾಗಿ ಒಂದು ಚಿನ್ನದ ಒಡವೆ ಕೊಡುತ್ತಾರೆ. ನಮ್ಮ ನಿಶ್ಚಿತಾರ್ಥದಂತೆ ಎಂದುಕೊಳ್ಳಿ. ನಾವು ಅಕ್ಷತೆ ಹಾಕುವ ಕಡೆಯಲ್ಲೆಲ್ಲ ಅವರು ಭತ್ತ, ಗರಿಕೆ ಹಾಕುತ್ತಾರೆ. ಕೈಯಲ್ಲಿ ಕೊಟ್ಟರೆ ಗಾಬರಿ ಬೇಡ. ಹಣೆಗೆ, ತಲೆಗೆ ಮುಟ್ಟಿಸಿ ಹರಸಿ.

ಮದುವೆಯ ಹಿಂದಿನ ದಿನಗಳಲ್ಲಿ ಆಯಿಬುಡೋ ಭಾತ್. ಆಯಿಬುಡೋ ಎಂದರೆ ಮದುವೆಯಾಗದವರು, ಭಾತ್ ಎಂದರೆ ಅನ್ನ. ಮದುವೆಗೆ ಮುಂಚಿನ ಕೊನೆಯ ಊಟ. ಸೋದರಮಾವ, ಚಿಕ್ಕಮ್ಮ, ಅತ್ತೆ ಎಲ್ಲರೂ ಒಬ್ಬೊಬ್ಬರಾಗಿ ಕರೆದು ಉಣಿಸುತ್ತಾರೆ. ದೊಡ್ಡ ತಟ್ಟೆಯ ಸುತ್ತ ಬಟ್ಟಲುಗಳು, ಕರಿದ ತರಕಾರಿ, ಮೀನು, ಪಾಯಸ. ಕನ್ನಡದ ಹುಡುಗಿಗೆ ನಮ್ಮ ಮನೆಯಲ್ಲೇ ಇದನ್ನು ಮಾಡಬಹುದು. ಇದಕ್ಕೆ ಪುರೋಹಿತರೂ ಬೇಡ, ಮಂತ್ರವೂ ಬೇಡ. ಅವಳಿಗೆ ಇಷ್ಟವಾದ ಅಡುಗೆ ಮಾಡಿ ಬಾಳೆ ಎಲೆಯ ಮೇಲೆ ಬಡಿಸಿದರಾಯಿತು. ಚಿಕ್ಕಮ್ಮ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ ಮಾಡಿದ್ದರು.

ಆಮಂತ್ರಣ ಪತ್ರಿಕೆಯ ಮೇಲೆ ಚಿಟ್ಟೆಯ ಚಿತ್ರ ನೋಡಿ ನಮ್ಮವರು ಕೇಳಿದರು, ಗಣಪತಿ ಎಲ್ಲಿ ಎಂದು. ಬಂಗಾಳಿಯಲ್ಲಿ ಚಿಟ್ಟೆಗೆ ಪ್ರಜಾಪತಿ ಎನ್ನುತ್ತಾರೆ. ಮದುವೆಯನ್ನು ಕೂಡಿಸುವ ದೇವರೂ ಪ್ರಜಾಪತಿ. ಅದಕ್ಕೇ ಚಿಟ್ಟೆ. ಪತ್ರಿಕೆಯ ಕೊನೆಯಲ್ಲಿ, ಮನೆಗೆ ಬಂದು ಕರೆಯದೆ ಪತ್ರದ ಮೂಲಕ ಕರೆದ ತಪ್ಪನ್ನು ಮನ್ನಿಸಿ ಎಂಬ ಸಾಲು ಇರುತ್ತದೆ. ಅದನ್ನು ಓದಿ ನನಗೆ ತುಂಬಾ ಇಷ್ಟವಾಯಿತು.

ಮದುವೆಯ ದಿನ ಬೆಳಿಗ್ಗೆ

ದಿನ ಶುರುವಾಗುವುದು ಸೂರ್ಯ ಹುಟ್ಟುವ ಮುಂಚೆ. ಆಗ ದೋಧಿ ಮಂಗಲ್. ಮದುಮಗಳಿಗೆ ಮೊಸರು, ಅವಲಕ್ಕಿ, ಬಾಳೆಹಣ್ಣು, ಸಿಹಿ ತಿನ್ನಿಸುತ್ತಾರೆ. ಗಂಡಿನ ಮನೆಯಲ್ಲೂ ಹೀಗೇ. ಮೊಸರವಲಕ್ಕಿ ನಮಗೆ ಹೊಸದಲ್ಲ, ಅಲ್ವಾ? ಆದರೆ ಇದಾದ ಮೇಲೆ ಮದುವೆ ಮುಗಿಯುವವರೆಗೂ ಉಪವಾಸ. ಲಗ್ನ ರಾತ್ರಿ ಇದ್ದರೆ ಇಡೀ ದಿನ. ಇಲ್ಲಿ ನಾನು ಖಡಾಖಂಡಿತ ಹೇಳುತ್ತೇನೆ: ಹುಡುಗಿ ನೀರು, ಎಳನೀರು, ಹಣ್ಣಿನ ರಸ ಕುಡಿಯಲೇಬೇಕು. ಈಗ ಹೆಚ್ಚಿನ ಮನೆಗಳು ಇದಕ್ಕೆ ಒಪ್ಪುತ್ತವೆ. ರಾತ್ರಿ ಹೋಮದ ಹೊಗೆ, ಭಾರದ ಬನಾರಸಿ ಸೀರೆ, ಕೋಲ್ಕತ್ತಾದ ಬೆವರು. ಖಾಲಿ ಹೊಟ್ಟೆಯಲ್ಲಿ ತಲೆ ತಿರುಗುವುದು ಸಹಜ. ಒಬ್ಬ ಅಕ್ಕನನ್ನೋ ಗೆಳತಿಯನ್ನೋ ಇದಕ್ಕೆಂದೇ ಜೊತೆಗೆ ಬಿಡಿ.

ಹೆಚ್ಚಿನ ಮನೆಗಳಲ್ಲಿ ಶಾಂಖಾ, ಪೋಲಾ ತೊಡಿಸುವುದೂ ಈ ಹೊತ್ತಿನಲ್ಲೇ. ಶಾಂಖಾ ಎಂದರೆ ಶಂಖವನ್ನು ಕೊಯ್ದು ಮಾಡಿದ ಬಿಳಿ ಬಳೆ. ಪೋಲಾ ಹವಳದ ಬಣ್ಣದ ಕೆಂಪು ಬಳೆ. ಶಂಖದ ಬಳೆ ಸ್ವಲ್ಪವೂ ಬಗ್ಗುವುದಿಲ್ಲ. ಅಳತೆ ತಪ್ಪಿದರೆ ಕೈಗೆ ಏರುವುದಿಲ್ಲ, ಬಲವಂತ ಮಾಡಿದರೆ ಒಡೆಯುತ್ತದೆ, ಒಡೆದರೆ ಹಿರಿಯರ ಮನಸ್ಸು ಕೆಡುತ್ತದೆ. ಹುಡುಗಿಯ ಬಳೆ ಅಳತೆಯನ್ನು ತಿಂಗಳ ಮುಂಚೆಯೇ ಬೀಗರಿಗೆ ಕಳಿಸಿ.

ಅದೇ ನಸುಕಿನಲ್ಲಿ ಮುತ್ತೈದೆಯರು ನದಿಗೋ ಕೆರೆಗೋ ಹೋಗಿ ಗಂಗೆಯನ್ನು ಮದುವೆಗೆ ಕರೆದು ನೀರು ತರುತ್ತಾರೆ. ನಮ್ಮಲ್ಲೂ ಮದುವೆಗೆ ಗಂಗೆ ತರುವ ಶಾಸ್ತ್ರ ಇದೆಯಲ್ಲ, ಅದೇ. ಆಮೇಲೆ ನಾಂದೀಮುಖ. ಹೆಸರೇ ಹೇಳುವಂತೆ ನಮ್ಮ ನಾಂದಿ. ತಂದೆಯೋ ದೊಡ್ಡಪ್ಪನೋ ಚಿಕ್ಕಪ್ಪನೋ ಕೂತು ಪಿತೃಗಳನ್ನು ನೆನೆಯುತ್ತಾರೆ.

ಇನ್ನು ಗಾಯೇ ಹೋಲುದ್. ಗಾ ಎಂದರೆ ಮೈ, ಹೋಲುದ್ ಎಂದರೆ ಅರಿಶಿನ. ಮುಸ್ಲಿಂ ಬಂಗಾಳಿಗಳಲ್ಲೂ, ಬಾಂಗ್ಲಾದೇಶದಲ್ಲೂ ಇದು ಅಷ್ಟೇ ಸಡಗರದ ದಿನ. ಹಿಂದೂ ಮನೆಗಳಲ್ಲಿ ಇದಕ್ಕೊಂದು ಕ್ರಮ ಇದೆ. ಮೊದಲು ಗಂಡಿಗೆ ಅರಿಶಿನ ಹಚ್ಚುತ್ತಾರೆ. ಉಳಿದ ಅರಿಶಿನ ಹೆಣ್ಣಿನ ಮನೆಗೆ ಬರುತ್ತದೆ. ಅದು ಬಂದ ಮೇಲೇ ಹೆಣ್ಣಿಗೆ. ನಮ್ಮ ಮನೆಯಲ್ಲಿ ಗೊತ್ತಿಲ್ಲದೆ ಬೆಳಿಗ್ಗೆ ಎಂಟಕ್ಕೇ ಅರಿಶಿನ ಕಲಸಿಟ್ಟು ಕಾಯುತ್ತಿದ್ದರು. ಅವರ ಕಡೆಯಿಂದ ಬರುವಾಗ ಹನ್ನೊಂದಾಗಿತ್ತು. ಕಾಯಿರಿ, ಅವಸರ ಮಾಡಬೇಡಿ.

ಆ ಅರಿಶಿನದ ಜೊತೆ ಬರುವುದೇ ತೊತ್ತೊ. ಅಂದರೆ ತಟ್ಟೆಗಳಲ್ಲಿ ಜೋಡಿಸಿದ ಉಡುಗೊರೆ: ಸೀರೆಗಳು, ಅಲಂಕಾರದ ಸಾಮಾನು, ಸಿಹಿ, ಮೊಸರು. ಇದರ ರಾಜ ಎಂದರೆ ದೊಡ್ಡದೊಂದು ರುಯಿ ಮೀನು. ನಾವು ರೋಹು ಎನ್ನುತ್ತೇವಲ್ಲ, ಅದು. ಅದಕ್ಕೆ ಮದುಮಗಳಂತೆ ಪುಟ್ಟ ಸೀರೆ ಉಡಿಸಿ, ಮೂಗುತಿ ಹಾಕಿ, ಸಿಂಧೂರ ಇಟ್ಟು ಕಳಿಸುತ್ತಾರೆ. ಮೀನು ಅವರಿಗೆ ಶುಭ. ಮೀನು ತಿನ್ನುವ ಮನೆಯಾದರೆ ಖುಷಿಯಿಂದ ಇಳಿಸಿಕೊಳ್ಳಿ, ಅಂದೇ ಅಡುಗೆ ಮಾಡಿ. ನಮ್ಮದು ಸಸ್ಯಾಹಾರಿ ಮನೆ. ಹುಡುಗನಿಗೆ ಮೊದಲೇ ಹೇಳಿದ್ದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸಂದೇಶ್ ಎಂಬ ಹಾಲಿನ ಸಿಹಿಯನ್ನು ಮೀನಿನ ಆಕಾರದಲ್ಲಿ ದೊಡ್ಡದಾಗಿ ಮಾಡಿಸಿ ಕಳಿಸಿದರು. ಕೋಲ್ಕತ್ತಾದ ಸಿಹಿ ಅಂಗಡಿಗಳಲ್ಲಿ ಇದನ್ನು ಮಾಡಿಕೊಡುತ್ತಾರೆ. ಸುಮ್ನೆ ಮುಜುಗರಪಟ್ಟು ಬಾಯಿ ಮುಚ್ಚಿಕೊಂಡಿರಬೇಡಿ, ಕೇಳಿ. ತೊತ್ತೊ ಒಂದು ಕಡೆಯಿಂದ ಮಾತ್ರ ಬರುವುದಲ್ಲ ಎಂಬುದೂ ನೆನಪಿರಲಿ. ಮೂರನೆಯ ದಿನ ನಾವೂ ಗಂಡಿನ ಮನೆಗೆ ಒಯ್ಯಬೇಕು. ಮೈಸೂರು ಪಾಕ್, ಚಿರೋಟಿ, ಇಳಕಲ್ ಸೀರೆ ನಮ್ಮ ತಟ್ಟೆಗಳಲ್ಲಿದ್ದವು.

ಸಂಜೆ: ಮಂಟಪದ ಮುಂದೆ

ಗಂಡಿಗೆ ಬೋರ್ ಎನ್ನುತ್ತಾರೆ, ಹೆಣ್ಣಿಗೆ ಕೋನೆ. ಬೋರ್ ಜಾತ್ರಿ ಎಂದರೆ ಗಂಡಿನ ದಿಬ್ಬಣ. ಅವನ ಜೊತೆ ಅವನಂತೆಯೇ ಧೋತಿ ಉಟ್ಟ ಒಬ್ಬ ಪುಟ್ಟ ಹುಡುಗ ಇರುತ್ತಾನೆ. ಅವನೇ ನಿತ್‌ಬೋರ್.

ಗಂಡಿನ ತಲೆಯ ಮೇಲೆ ಎತ್ತರದ ಬಿಳಿ ಕಿರೀಟ, ಟೋಪೋರ್. ಹೆಣ್ಣಿನ ತಲೆಗೆ ಮುಕುಟ್. ಎರಡೂ ಶೋಲಾ ಎಂಬ ಜೌಗು ನೆಲದ ಗಿಡದ ಬೆಂಡಿನಿಂದ ಮಾಡಿದವು. ಇದನ್ನು ನೋಡಿದಾಗ ನನಗೆ ಸೊರಬ, ಸಾಗರದ ಕಡೆ ಗುಡಿಗಾರರು ಮಾಡುವ ಬೆಂಡಿನ ಬಾಸಿಂಗ ನೆನಪಾಯಿತು. ಅಷ್ಟು ದೂರದ ಎರಡು ಊರುಗಳಲ್ಲಿ ಮದುವೆಯ ಹಣೆಗೆ ಅದೇ ಹಗುರ ಬೆಂಡು! ಮದುವೆ ಬೆಂಗಳೂರಿನಲ್ಲಿ ಇಟ್ಟುಕೊಂಡಿದ್ದರೆ ಟೋಪೋರನ್ನು ಕೋಲ್ಕತ್ತಾದಿಂದ ಯಾರಾದರೂ ಕೈಯಲ್ಲೇ ಹಿಡಿದು ತರಲಿ. ಸೂಟ್‌ಕೇಸಿನಲ್ಲಿ ಪುಡಿಯಾಗುತ್ತದೆ. ಹೋಮದ ಹತ್ತಿರವೂ ಹುಷಾರು, ಬೆಂಡು ಬೇಗ ಹೊತ್ತಿಕೊಳ್ಳುತ್ತದೆ.

ಬಾಗಿಲಲ್ಲಿ ಗಂಡನ್ನು ಎದುರುಗೊಳ್ಳುವುದು ಹೆಣ್ಣಿನ ತಾಯಿ. ಇದು ಬೋರೊನ್. ಮೊರದಂಥ ತಟ್ಟೆಯಲ್ಲಿ ದೀಪ, ಭತ್ತ, ಗರಿಕೆ, ವೀಳ್ಯದೆಲೆ, ಅಡಿಕೆ. ಆರತಿಯಂತೆ ಬೆಳಗಿ, ಸಿಹಿ ತಿನ್ನಿಸಿ ಒಳಗೆ ಕರೆಯುತ್ತಾರೆ. ನಮ್ಮ ಎದುರುಗೊಳ್ಳುವ ಶಾಸ್ತ್ರವೇ ಆದ್ದರಿಂದ ಚಿಕ್ಕಮ್ಮನಿಗೆ ಕಲಿಸಬೇಕಾಗಲಿಲ್ಲ. ಆಗ ಶಂಖ ಊದುತ್ತಾರೆ, ಉಲು ಕೂಗುತ್ತಾರೆ. ನಮ್ಮ ಕೆಲವು ಊರುಗಳಲ್ಲಿ ಶಂಖದ ಸದ್ದು ಸಾವಿನ ಮನೆಯನ್ನು ನೆನಪಿಸುತ್ತದೆ. ಅಜ್ಜಿ, ತಾತ ಬಂದಿದ್ದರೆ ಇಲ್ಲಿ ಅದು ಮಂಗಳದ ಸದ್ದು ಎಂದು ಮೊದಲೇ ಹೇಳಿಡಿ. ಉಲು ಕೂಗಲು ನಮಗೂ ಕಲಿಸಿ ಎಂದು ಕೇಳಿದರೆ ಅಲ್ಲಿನ ಹೆಂಗಸರು ಎಷ್ಟು ಖುಷಿಪಡುತ್ತಾರೆ ಗೊತ್ತಾ!

ಮಂಟಪಕ್ಕೆ ಛಾದ್ನಾತೊಲಾ ಎಂದು ಹೆಸರು. ನಾಲ್ಕು ಮೂಲೆಗೆ ಬಾಳೆ ಗಿಡ. ನೆಲದ ಮೇಲೆ ಆಲ್ಪೊನಾ, ಅಂದರೆ ನೆನೆಸಿ ಅರೆದ ಅಕ್ಕಿ ಹಿಟ್ಟಿನಿಂದ ಬೆರಳಲ್ಲಿ ಬರೆದ ರಂಗೋಲಿ. ಮಲೆನಾಡಿನ ಹಸೆ ಚಿತ್ತಾರ ನೋಡಿದವರಿಗೆ ಕೂಡಲೇ ಆಪ್ತವಾಗುತ್ತದೆ. ಗಂಡು ಹೆಣ್ಣಿನ ಕಡೆಯವರು ಕೊಟ್ಟ ಹೊಸ ಬಟ್ಟೆ ಉಟ್ಟು ಬಂದು ನಿಲ್ಲುತ್ತಾನೆ.

ಈಗ ಸಾತ್ ಪಾಕ್, ಏಳು ಸುತ್ತು. ಹುಡುಗಿ ಚಿತ್ತಾರ ಬರೆದ ಮಣೆಯ ಮೇಲೆ ಕೂರುತ್ತಾಳೆ. ಎರಡು ಕೈಯಲ್ಲಿ ಎರಡು ವೀಳ್ಯದೆಲೆ ಹಿಡಿದು ಮುಖ ಮುಚ್ಚಿಕೊಳ್ಳುತ್ತಾಳೆ. ಅಣ್ಣತಮ್ಮಂದಿರು ಮಣೆಯ ಸಮೇತ ಅವಳನ್ನು ಎತ್ತಿಕೊಂಡು ಗಂಡಿನ ಸುತ್ತ ಏಳು ಸಲ ತಿರುಗುತ್ತಾರೆ. ಒಂದು ಮೂಲೆ ಹಿಡಿದವನು ನಾನು. ಅನುಭವದಿಂದ ಹೇಳುತ್ತೇನೆ: ಕನಿಷ್ಠ ನಾಲ್ಕು ಗಟ್ಟಿ ಹುಡುಗರು ಬೇಕು, ಎತ್ತರ ಹೆಚ್ಚು ಕಡಿಮೆ ಒಂದೇ ಇರಲಿ. ಶೂ ಬಿಚ್ಚಿ, ಧೋತಿಯನ್ನು ಮೇಲಕ್ಕೆ ಕಟ್ಟಿ. ಹಿಂದಿನ ದಿನ ಮಣೆ ಗಟ್ಟಿಯಾಗಿದೆಯಾ ಎಂದು ನೋಡಿ, ಯಾರನ್ನಾದರೂ ಕೂರಿಸಿ ಒಂದು ಸುತ್ತು ಅಭ್ಯಾಸ ಮಾಡಿ. ಹುಡುಗಿಗೆ ಭಯವಾದರೆ ಒಂದು ಕೈಯಲ್ಲಿ ಅಣ್ಣನ ಕುತ್ತಿಗೆ ಹಿಡಿಯಲಿ. ಯಾರೂ ತಪ್ಪು ತಿಳಿಯುವುದಿಲ್ಲ. ನಾಲ್ಕನೆಯ ಸುತ್ತಿಗೆ ನಮ್ಮೆಲ್ಲರ ಭುಜ ಸೋತಿತ್ತು. ಆದರೆ ಆ ಎರಡು ನಿಮಿಷ ತಂಗಿಯ ಭಾರವನ್ನು ಹೊತ್ತು ತಿರುಗಿದ್ದು ನನ್ನ ಜೀವನದ ದೊಡ್ಡ ಸಂತೋಷಗಳಲ್ಲಿ ಒಂದು.

ಏಳು ಸುತ್ತು ಮುಗಿದ ಮೇಲೆ ಮುಖದಿಂದ ಎಲೆ ಸರಿಯುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಇದು ಶುಭೋ ದೃಷ್ಟಿ. ನಮ್ಮಲ್ಲಿ ಅಂತರಪಟ ಮಾಡುವ ಕೆಲಸವನ್ನು ಇಲ್ಲಿ ವೀಳ್ಯದೆಲೆ ಮಾಡುತ್ತದೆ. ಅಂತರಪಟವನ್ನು ಬೇರೆಯವರು ಸರಿಸುತ್ತಾರೆ. ಇಲ್ಲಿ ಹುಡುಗಿ ತಾನೇ ಸರಿಸುತ್ತಾಳೆ, ತನಗೆ ಬೇಕಾದಷ್ಟು ನಿಧಾನವಾಗಿ. ಫೋಟೋ ತೆಗೆಯುವವರು ನಡುವೆ ನುಗ್ಗದಂತೆ ನೋಡಿಕೊಳ್ಳಿ. ಆಮೇಲೆ ಮಾಲಾ ಬೊದೊಲ್, ಮೂರು ಸಲ ಹಾರ ಬದಲಿಸುವುದು.

ಮುಂದಿನದು ನಮಗೆ ಗೊತ್ತಿರುವ ದಾರಿ. ಸೊಂಪ್ರೊದಾನ್ ಎಂದರೆ ನಮ್ಮ ಧಾರೆ. ಕಲಶದ ಮೇಲೆ ಇಬ್ಬರ ಕೈ ಇಟ್ಟು ದಾರದಿಂದ ಕಟ್ಟುತ್ತಾರೆ. ಹೋಮ, ಅರಳು ಹಾಕುವುದು, ಸಪ್ತಪದಿ. ಅರಳನ್ನು ಹುಡುಗಿಯ ಕೈಗೆ ಸುರಿಯುವುದು ತಮ್ಮನೇ. ನಮ್ಮ ಲಾಜಹೋಮದಂತೆಯೇ. 1955ರ ಹಿಂದೂ ವಿವಾಹ ಕಾಯಿದೆಯ 7ನೇ ಕಲಮಿನ ಪ್ರಕಾರ ಸಪ್ತಪದಿ ಇರುವ ಮದುವೆ ಏಳನೆಯ ಹೆಜ್ಜೆಗೆ ಪೂರ್ಣವಾಗುತ್ತದೆ. ಜೊತೆಗೆ ನೋಂದಣಿಯನ್ನೂ ಮಾಡಿಸಿ. ಅನೇಕ ಬಂಗಾಳಿ ಮನೆಗಳಲ್ಲಿ ರಿಜಿಸ್ಟ್ರಿ ಎಂದು ಅದೇ ಸಂಜೆ ಮುಗಿಸುತ್ತಾರೆ. ಆಧಾರ್, ಹುಟ್ಟಿದ ದಿನದ ದಾಖಲೆ, ಫೋಟೋ ಕೈಚೀಲದಲ್ಲಿರಲಿ.

ಧಾರೆ ಬೇಡ, ಹೆಣ್ಣು ದಾನ ಕೊಡುವ ವಸ್ತು ಅಲ್ಲ ಎನ್ನುವ ಜೋಡಿಗಳಿಗೂ ಅಲ್ಲಿ ದಾರಿ ಇದೆ. ಕೋಲ್ಕತ್ತಾದಲ್ಲಿ ಸಂಸ್ಕೃತ ಕಲಿಸುವ ನಂದಿನಿ ಭೌಮಿಕ್ ಮತ್ತು ಅವರ ಗೆಳತಿಯರು ಕನ್ಯಾದಾನ ಬಿಟ್ಟು, ಮಂತ್ರದ ಅರ್ಥ ಹೇಳುತ್ತಾ, ರವೀಂದ್ರರ ಹಾಡುಗಳ ಜೊತೆ ಮದುವೆ ಮಾಡಿಸುತ್ತಾರೆ. ಮಂತ್ರದ ಅರ್ಥ ಜೋಡಿಗೆ ತಿಳಿಯಬೇಕು ಎಂಬ ಅವರ ಮಾತು ನನಗೆ ಸರಿ ಎನಿಸುತ್ತದೆ.

ತಾಳಿ ಯಾವಾಗ?

ನಮ್ಮ ಕಡೆಯ ಎಲ್ಲರೂ ಕೇಳುವ ಪ್ರಶ್ನೆ ಇದು. ಬಂಗಾಳಿ ಮದುವೆಯಲ್ಲಿ ತಾಳಿ ಕಟ್ಟುವ ಶಾಸ್ತ್ರವೇ ಇಲ್ಲ. ಕಾಲುಂಗುರವೂ ಇಲ್ಲ. ಅಲ್ಲಿ ಮುತ್ತೈದೆಯ ಗುರುತು ಬೈತಲೆಯ ಸಿಂಧೂರ, ಶಾಂಖಾ, ಪೋಲಾ, ಮತ್ತು ನೋವಾ ಎಂಬ ಕಬ್ಬಿಣದ ಬಳೆ. ನೋವಾ ಎಡಗೈಗೆ, ಸಾಮಾನ್ಯವಾಗಿ ಅತ್ತೆ ಕೊಡುವುದು. ಕಬ್ಬಿಣದ ಮೇಲೆ ಚಿನ್ನ ಸುತ್ತಿರುತ್ತಾರೆ.

ಗಟ್ಟಿಮೇಳಕ್ಕೆ ಸಮನಾದ ಗಳಿಗೆ ಸಿಂದೂರ್ ದಾನ್. ಗಂಡು ಉಂಗುರದಿಂದಲೋ ನಾಣ್ಯದಿಂದಲೋ ಹೆಣ್ಣಿನ ಬೈತಲೆಗೆ ಸಿಂಧೂರ ಎಳೆಯುತ್ತಾನೆ. ನಂತರ ಅವನ ಮನೆಯ ಹೊಸ ಸೀರೆಯನ್ನು ಅವಳ ತಲೆಗೆ ಹೊದಿಸುತ್ತಾರೆ. ಒಂದಿಷ್ಟು ಸಿಂಧೂರ ಮೂಗಿನ ಮೇಲೆ ಉದುರಿದರೆ ಗಂಡನ ಪ್ರೀತಿ ಜಾಸ್ತಿ ಎಂಬ ನಂಬಿಕೆ. ಕರವಸ್ತ್ರ ತೆಗೆದುಕೊಂಡು ಒರೆಸಲು ಓಡಬೇಡಿ! ಕೆಲವು ಮನೆಗಳಲ್ಲಿ ಈ ಶಾಸ್ತ್ರ ಮರುದಿನ ಬೆಳಿಗ್ಗೆ, ಬಾಶಿ ಬಿಯೆ ಎಂಬ ಎರಡನೆಯ ಭಾಗದಲ್ಲಿ ನಡೆಯುತ್ತದೆ.

ತಾಳಿಯೂ ಬೇಕು ಎಂದು ನಿಮ್ಮ ಮನಸ್ಸಿಗಿದ್ದರೆ ತಿಂಗಳ ಮುಂಚೆ ಇಬ್ಬರು ಪುರೋಹಿತರನ್ನೂ ಫೋನಿನಲ್ಲಿ ಮಾತನಾಡಿಸಿ. ನಮ್ಮ ಮನೆಯಲ್ಲಿ ಸಪ್ತಪದಿಗೆ ಮುಂಚೆ ತಾಳಿ, ಆಮೇಲೆ ಸಿಂಧೂರ ಎಂದು ನಿರ್ಧಾರವಾಯಿತು. ಇದು ಮಂಟಪದಲ್ಲಿ ನಿಂತು ಎಲ್ಲರ ಎದುರು ಚರ್ಚೆ ಮಾಡುವ ವಿಷಯ ಅಲ್ಲ.

ಇನ್ನು ತಾಯಿಯ ವಿಷಯ. ಗಂಡಿನ ತಾಯಿ ಬರದಿರಬಹುದು ಎಂದೆ. ಕೆಲವು ಮನೆಗಳಲ್ಲಿ ಹೆಣ್ಣಿನ ತಾಯಿಯೂ ಮಂಟಪದ ಹತ್ತಿರ ಬರುವುದಿಲ್ಲ. ನಿಮ್ಮ ಮನೆಯ ಮದುವೆಯಾದರೆ, ನಮ್ಮಲ್ಲಿ ತಾಯಿ ಇಲ್ಲದೆ ಧಾರೆಯೇ ಇಲ್ಲ ಎಂದು ಪ್ರೀತಿಯಿಂದ ಹೇಳಿ. ಈಗ ಬಂಗಾಳಿ ತಾಯಂದಿರೇ ಅನೇಕರು ಈ ಕಟ್ಟನ್ನು ಬಿಟ್ಟು ಬಂದು ಕೂರುತ್ತಿದ್ದಾರೆ. ಗಂಡು ಮನೆಯಿಂದ ಹೊರಡುವಾಗ "ಅಮ್ಮಾ, ನಿನಗೆ ದಾಸಿಯನ್ನು ತರಲು ಹೋಗುತ್ತಿದ್ದೇನೆ" ಎಂದು ಹೇಳುವ ವಾಡಿಕೆಯೂ ಇತ್ತು. ನಮ್ಮ ಹುಡುಗ ಅದನ್ನು ಹೇಳಲು ಒಪ್ಪಲಿಲ್ಲ, ಅವನ ತಾಯಿಯೂ ಒತ್ತಾಯಿಸಲಿಲ್ಲ. ಮುತ್ತೈದೆಯರೇ ಮಾಡಬೇಕಾದ ಶಾಸ್ತ್ರಗಳು ಅಲ್ಲೂ ತುಂಬಾ ಇವೆ. ಗಂಡನನ್ನು ಕಳೆದುಕೊಂಡ ಅತ್ತೆ, ಚಿಕ್ಕಮ್ಮ ಯಾರಾದರೂ ಮೂಲೆಯಲ್ಲಿ ನಿಂತಿದ್ದರೆ ದಯವಿಟ್ಟು ಕೈ ಹಿಡಿದು ಕರೆತನ್ನಿ.

ಊಟಕ್ಕೆ ಕೂರುವ ಮುಂಚೆ

ಸಸ್ಯಾಹಾರಿಗಳು ಎಷ್ಟು ಜನ ಎಂದು ವಾರ ಮುಂಚೆಯೇ ಹೇಳಿ. ನಿರಾಮಿಷ್ ಎಂಬುದು ಕಲಿಯಬೇಕಾದ ಪದ. ಅದರ ಹಳೆಯ ಅರ್ಥದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಆದರೆ ಕಣ್ಣಿಗೆ ಸಸ್ಯಾಹಾರದಂತೆ ಕಾಣುವ ಎಲ್ಲವೂ ಸಸ್ಯಾಹಾರವಲ್ಲ. ಬೇಳೆಯಲ್ಲಿ ಮೀನಿನ ತಲೆ ಇರಬಹುದು, ಸೋರೆಕಾಯಿ ಪಲ್ಯದಲ್ಲಿ ಸೀಗಡಿ, ಪಡವಲದಂಥ ಪೊಟೋಲ್ ಕಾಯಿಯ ಒಳಗೆ ಮೀನಿನ ಹೂರಣ. ಬಡಿಸುವವರನ್ನು "ನಿರಾಮಿಷ್?" ಎಂದು ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ಪೂರಿಯಂಥ ಲೂಚಿ, ಕೊಬ್ಬರಿ ಹಾಕಿದ ಕಡಲೆಬೇಳೆ, ಬದನೆಕಾಯಿ ಬಾಜಿ, ಪನೀರಿನಂಥದ್ದನ್ನು ಸಾರಿಗೆ ಹಾಕಿದ ಛಾನಾರ್ ದಾಲ್ನಾ, ಬೇಳೆಯ ವಡೆಯಂಥದ್ದನ್ನು ಸಾರಿಗೆ ಹಾಕಿದ ಧೋಕಾರ್ ದಾಲ್ನಾ ಧಾರಾಳವಾಗಿ ಸಿಗುತ್ತವೆ. ಮಾಂಸ ತಿನ್ನುವವರಿಗೆ ಹೇಳಿಕೊಡಬೇಕಿಲ್ಲ. ಸಾಸಿವೆಯ ಕಾಸುಂದಿ ಜೊತೆ ಫಿಶ್ ಫ್ರೈ, ಹುರಿದು ಬೇಯಿಸಿದ ಕೊಶಾ ಮಾಂಗ್ಶೊ ಬರುತ್ತವೆ.

ಸಿಹಿ ಕೊನೆಗೆ. ಎಲೆಯ ತುದಿಗೆ ಮೊದಲು ಪಾಯಸ ಹುಡುಕಬೇಡಿ. ಸಿಹಿ ಚಟ್ನಿ, ಹಪ್ಪಳ ಬಂದವೆಂದರೆ ಊಟ ಮುಗಿಯುತ್ತಾ ಬಂತು, ಇನ್ನು ರಸಗುಲ್ಲ, ಸಂದೇಶ್, ಸಿಹಿ ಮೊಸರು. ಮೊಸರನ್ನ ಇಲ್ಲದೆ ಊಟ ಮುಗಿಯದ ಹಿರಿಯರಿಗೆ ಒಂದು ಡಬ್ಬಿ ಸಪ್ಪೆ ಮೊಸರು ಮೊದಲೇ ಹೇಳಿ ತರಿಸಿಡಿ.

ಉಡುಗೊರೆಗೆ ಸೀರೆ, ಪುಸ್ತಕ, ಲಕೋಟೆ ಯಾವುದೂ ಆಗುತ್ತದೆ. ಲಕೋಟೆಯಲ್ಲಿ ನಮ್ಮಂತೆಯೇ ಮೇಲೊಂದು ರೂಪಾಯಿ. ಕಪ್ಪು ಬಟ್ಟೆ ಬೇಡ. ಬೀಗರನ್ನು ಬೇಯಾಯಿ, ಬೀಗಿತಿಯನ್ನು ಬೇಯಾನ್ ಎಂದು ಕರೆದು ನೋಡಿ. ಮಂಜು ಕರಗುತ್ತದೆ.

ರಾತ್ರಿ ಬಾಶೋರ್. ಹೆಣ್ಣಿನ ಮನೆಯ ಒಂದು ಕೋಣೆಯಲ್ಲಿ ಮದುಮಕ್ಕಳನ್ನು ಕೂರಿಸಿಕೊಂಡು ಹುಡುಗ ಹುಡುಗಿಯರು ಬೆಳಗಿನವರೆಗೆ ಹಾಡು, ಹರಟೆ ನಡೆಸುತ್ತಾರೆ. ಬೆಳಿಗ್ಗೆ ಹಾಸಿಗೆ ಎತ್ತಲು ನಾದಿನಿಯರು ಭಾವನ ಹತ್ತಿರ ದುಡ್ಡು ಕೇಳುತ್ತಾರೆ. ಕನ್ನಡ ಹಾಡುಗಳನ್ನು ಕಲಿತಿಟ್ಟುಕೊಳ್ಳಿ, ನಿಮ್ಮ ಸರದಿ ಬಂದೇ ಬರುತ್ತದೆ.

ಹೊರಡುವ ಹೊತ್ತು

ಮರುದಿನ ಬಿದಾಯ್. ಇಲ್ಲಿನ ಕೊನೊಕಾಂಜಲಿ ನೋಡುವುದು ಕಷ್ಟ. ತಾಯಿ ಮಗಳ ಹಿಂದೆ ಸೆರಗು ಒಡ್ಡಿ ನಿಲ್ಲುತ್ತಾರೆ. ಮಗಳು ಹಿಂತಿರುಗಿ ನೋಡದೆ ತಲೆಯ ಮೇಲಿಂದ ಹಿಡಿ ಅಕ್ಕಿಯನ್ನು ಆ ಸೆರಗಿಗೆ ಎಸೆಯುತ್ತಾಳೆ. ನಿಮ್ಮ ಋಣವನ್ನೆಲ್ಲ ತೀರಿಸಿದೆ ಎಂದು ಹೇಳುತ್ತಾಳೆ. ನಮ್ಮಲ್ಲಿ ತಾಯಿ ಮಗಳಿಗೆ ಮಡಿಲಕ್ಕಿ ತುಂಬುತ್ತಾಳೆ. ಅಲ್ಲಿ ಮಗಳು ತಾಯಿಯ ಸೆರಗಿಗೆ ಅಕ್ಕಿ ಹಾಕುತ್ತಾಳೆ. ಅದೇ ಅಕ್ಕಿ, ಅದೇ ಅಳು, ಹೋಗುವ ದಿಕ್ಕು ಬೇರೆ.

ತಂದೆ ತಾಯಿಯ ಋಣ ಒಂದು ಹಿಡಿ ಅಕ್ಕಿಗೆ ತೀರುವುದಿಲ್ಲ ಎಂದು ಈಗ ಅನೇಕ ಬಂಗಾಳಿ ಹುಡುಗಿಯರು ಆ ಮಾತನ್ನು ಹೇಳಲು ಒಪ್ಪುವುದಿಲ್ಲ. ನಮ್ಮ ಹುಡುಗಿಯೂ ಒಪ್ಪಲಿಲ್ಲ. ಚಿಕ್ಕಮ್ಮ ಮೊದಲು ಅವಳ ಮಡಿಲು ತುಂಬಿದರು. ಅವಳು ಅದೇ ಮಡಿಲಿನಿಂದ ಒಂದು ಹಿಡಿ ತೆಗೆದು, ಏನೂ ಹೇಳದೆ, ತಾಯಿಯ ಸೆರಗಿಗೆ ಹಾಕಿದಳು. ಎರಡೂ ಶಾಸ್ತ್ರವಾಯಿತು. ನಿಮ್ಮಲ್ಲೂ ಹೀಗೆ ಮಾಡಬಹುದು.

ಗಂಡಿನ ಮನೆಯ ಬಾಗಿಲಲ್ಲಿ ಬೊಧು ಬೊರೊನ್. ನಿನ್ನೆ ಕಾಣದ ಅತ್ತೆ ಇವತ್ತು ದೀಪ ಹಿಡಿದು ನಿಂತಿರುತ್ತಾರೆ. ಸೊಸೆ ಹಾಲು ಮತ್ತು ಆಲ್ತಾ ಎಂಬ ಕೆಂಪು ಬಣ್ಣ ಬೆರೆಸಿದ ತಟ್ಟೆಯಲ್ಲಿ ಕಾಲಿಟ್ಟು, ಬಿಳಿ ಬಟ್ಟೆಯ ಮೇಲೆ ಹೆಜ್ಜೆ ಮೂಡಿಸುತ್ತಾ ಒಳಗೆ ಬರುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕುವುದನ್ನು ತೋರಿಸುತ್ತಾರೆ. ಕೆಲವು ಮನೆಗಳಲ್ಲಿ ಕೈಗೆ ಜೀವಂತ ಮೀನು ಕೊಡುತ್ತಾರೆ. ಮೀನು ಮುಟ್ಟಿ ಅಭ್ಯಾಸವಿಲ್ಲದ ಹುಡುಗಿಗೆ ಇದನ್ನು ಮೊದಲೇ ಹೇಳಿ, ಬೇಡವಾದರೆ ಬೇಡ ಎನ್ನಲಿ.

ಆ ರಾತ್ರಿ ಕಾಲರಾತ್ರಿ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಬಾರದು. ಇದರ ಹಿಂದೆ ಮನಸಾಮಂಗಲ ಕಾವ್ಯದ ಬೇಹುಲಾ, ಲಖಿಂದರ್ ಕಥೆಯನ್ನು ಹೇಳುತ್ತಾರೆ. ಮನಸಾದೇವಿಯ ಕೋಪಕ್ಕೆ ಹೆದರಿ ಕಬ್ಬಿಣದ ಕೋಣೆ ಕಟ್ಟಿಸಿದರೂ ಮದುವೆಯ ರಾತ್ರಿ ಲಖಿಂದರನಿಗೆ ಹಾವು ಕಚ್ಚಿತು. ನಮ್ಮ ಮಟ್ಟಿಗೆ ಮುಖ್ಯ ವಿಷಯ ಬೇರೆ. ಹುಡುಗಿ ಹೊಸ ಮನೆಯಲ್ಲಿ, ಹೊಸ ಭಾಷೆಯ ನಡುವೆ, ಗಂಡನ ಮುಖವನ್ನೂ ನೋಡದೆ ಒಬ್ಬಳೇ ಇರುವ ರಾತ್ರಿ ಅದು. ತಂಗಿಯೋ ಗೆಳತಿಯೋ ಅವಳ ಜೊತೆ ಮಲಗಲು ಮೊದಲೇ ವ್ಯವಸ್ಥೆ ಮಾಡಿ. ಫೋನ್ ಹತ್ತಿರ ಇಟ್ಟುಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಅವಳು ಕರೆ ಮಾಡಬಹುದು.

ಮೂರನೆಯ ದಿನ ಮತ್ತು ಆಮೇಲೆ

ಮೂರನೆಯ ದಿನ ಮಧ್ಯಾಹ್ನ ಬೌ ಭಾತ್. ಬೌ ಎಂದರೆ ಸೊಸೆ. ಮೊದಲು ಗಂಡ ಊಟದ ತಟ್ಟೆ ಮತ್ತು ಸೀರೆಯನ್ನು ಹೆಂಡತಿಯ ಕೈಗಿಟ್ಟು, ಇವತ್ತಿನಿಂದ ನಿನ್ನ ಅನ್ನ, ಬಟ್ಟೆಯ ಹೊಣೆ ನನ್ನದು ಎನ್ನುತ್ತಾನೆ. ಇಬ್ಬರೂ ದುಡಿಯುವ ಮನೆಗಳಲ್ಲಿ ಕೆಲವರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಸೊಸೆ ಮನೆಯವರಿಗೆಲ್ಲ ಅನ್ನ, ತುಪ್ಪ ಬಡಿಸುತ್ತಾಳೆ. ಸಂಜೆ ಆರತಕ್ಷತೆಯಂತೆ ದೊಡ್ಡ ಊಟ. ಹೆಣ್ಣಿನ ಕಡೆಯವರು ಗುಂಪಾಗಿ ತೊತ್ತೊ ತಟ್ಟೆಗಳನ್ನು ಹೊತ್ತು ಹೋಗುವುದು ಆಗಲೇ. ಆ ರಾತ್ರಿ ಹೂವಿನ ಹಾಸಿಗೆ, ಫೂಲ್ ಶೋಜ್ಜಾ. ಅದಕ್ಕೆ ಹೂವು, ಉಡಲು ಬಟ್ಟೆ ಹೆಣ್ಣಿನ ಮನೆಯಿಂದಲೇ ಹೋಗುವುದು ರೂಢಿ.

ಎಂಟು ದಿನದ ಒಳಗೆ ಜೋಡಿ ಹೆಣ್ಣಿನ ಮನೆಗೆ ಬರುತ್ತದೆ. ಇದು ಅಷ್ಟೊಮಂಗೊಲಾ. ಮದುವೆಯಲ್ಲಿ ಕೈಗೆ ಕಟ್ಟಿದ ಅರಿಶಿನದ ದಾರವನ್ನು ಅಲ್ಲಿ ಬಿಚ್ಚುತ್ತಾರೆ. ಕೋಲ್ಕತ್ತಾದಿಂದ ಬೆಂಗಳೂರಿಗೆ ಬರುವ ವಿಮಾನದ ಟಿಕೆಟನ್ನು ಮದುವೆಯ ಟಿಕೆಟ್ ಜೊತೆಗೇ ಮಾಡಿಡಿ. ಅಲ್ಲಿಯವರೆಗೆ ದಾರ ಕತ್ತರಿಸದಂತೆ ಹುಡುಗನಿಗೆ ಹೇಳಿ.

ಅಳಿಯ ಬಂಗಾಳಿಯಾದರೆ ಕ್ಯಾಲೆಂಡರಿನಲ್ಲಿ ಇನ್ನೊಂದು ದಿನ ಗುರುತು ಹಾಕಿ: ಜಾಮಾಯಿ ಶೊಷ್ಠಿ. ಜ್ಯೇಷ್ಠ ಶುಕ್ಲ ಷಷ್ಠಿಯ ದಿನ ಅತ್ತೆ ಅಳಿಯನನ್ನು ಕರೆದು, ಕೈಗೆ ಹಳದಿ ದಾರ ಕಟ್ಟಿ, ಬೀಸಣಿಗೆಯಿಂದ ಗಾಳಿ ಹಾಕಿ, ಹೊಟ್ಟೆ ತುಂಬಾ ಉಣಿಸುತ್ತಾರೆ. ಅದು ಮಾವಿನ ಕಾಲ. ಮೊದಲ ವರ್ಷ ಚಿಕ್ಕಮ್ಮ ರಸಪುರಿ ಹಣ್ಣಿನ ಸೀಕರಣೆ, ಹೋಳಿಗೆ ಮಾಡಿದರು. ಹುಡುಗನ ತಾಯಿ ವಿಡಿಯೋ ಕರೆಯಲ್ಲಿ ಕೂತು ದಾರಕ್ಕೆ ಎಷ್ಟು ಗಂಟು ಹಾಕಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟರು.